ಎಂಬತ್ತಾರು

ಬಸ್ಸಿಳಿದು ಹೊಸಿಲು ದಾಟುವಷ್ಟರಲ್ಲಿ
ನನ್ನ ಬೆರಳಿಗೇ ಕ್ಲಿಪ್ಪು ಸಿಕ್ಕಿಸಿದಳು ನರ್ಸ್ ಫೋರ್ತುನಾತಾ.
ಎಪ್ಪತ್ತೊಂಬತ್ತು.
ನಾನೇ ಕಟ್ಟಿದ ಯಂತ್ರ ನನ್ನನ್ನೇ ನೋಡಿ
ಕೆಂಪಗಾಗಿ ಕೂಗಿತು: ಅಪಾಯ, ಕೂಡಲೇ ಕೆಳಗೆ ಸಾಗಿಸಿ.
ಕೋಕಾ ಎಲೆಯ ಕಷಾಯ ಕೈಗಿಟ್ಟು ಅವಳು ನಕ್ಕಳು:
"ಕುಡಿಯಪ್ಪಾ ಇಂಜಿನಿಯರೇ, ಅದಕ್ಕಿನ್ನೂ ಕಡಲ ಮಟ್ಟದ ಬುದ್ಧಿ."

ನಾನು ಕಯ್ಯಾವೊ ಬಂದರಿನವನು. ನಮ್ಮಲ್ಲಿ ಗಾಳಿ ಧಾರಾಳ,
ಉಪ್ಪು ಬೆರೆಸಿಯೇ ಬಡಿಸುತ್ತಾರೆ.
ಇಲ್ಲಿ, ಪೂನೋದ ಈ ಬೋಳುಬೆಟ್ಟದ ನೆತ್ತಿಯಲ್ಲಿ,
ಮೂರು ಮೆಟ್ಟಿಲಿಗೆ ಉಸಿರು ಕಡ ತರಬೇಕು.
ನಲವತ್ತು ಸಾವಿರ ಮಕ್ಕಳ ಉಸಿರು ಉಣಿಸಿ
ಸಾಕಿದ್ದೆವು ಅದನ್ನು. ಎಲ್ಲರೂ ತೀರದ ಮಕ್ಕಳು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೇಗೆಂದು
ಆರು ಜನ ಕೂತು ಎರಡು ವರ್ಷ
ಬಲು ಅಚ್ಚುಕಟ್ಟಾಗಿ ಬರೆದಿದ್ದೆವು.

ಡಾಕ್ಟರ್ ಸಬಿನಾ ಕ್ವಿಲ್ಕಾ ಮಾತು ಕಮ್ಮಿ.
ಗೀಟು ಹಾಕಿದ ನೋಟುಬುಕ್ಕು ನನ್ನತ್ತ ತಳ್ಳಿದಳು:
ಸುಳ್ಳು ಕೂಗು, ಕ್ರಿಸ್ಮಸ್‌ನಿಂದ ಈಚೆಗೆ ಮೂವತ್ತೊಂದು.
"ನೂರಕ್ಕೆ ಆರು" ಎಂದೆ, "ಲೆಕ್ಕದಲ್ಲಿ ಒಪ್ಪುವಂಥದ್ದೇ."
ಪೆನ್ನಿಗೆ ಮುಚ್ಚಳ ಹಾಕಿದಳು.
"ಆ ಆರರಲ್ಲಿ ಒಬ್ಬಳು ಹೊರಗೆ ಕೂತಿದ್ದಾಳೆ.
ಮನೆ ಮುಟ್ಟಿಸಿ ಬಾ."

ಐದು ಗಂಟೆ ದಾರಿ.
ಎಲೆವ್ತೆರಿಯಾ ಮುಂದೆ, ಬೆನ್ನಿನ ಪಟ್ಟೆಬಟ್ಟೆಯೊಳಗೆ
ಒಂಬತ್ತು ತಿಂಗಳ ವಿಲ್ಮೆರ್, ಗುಂಡುಕಲ್ಲಿನಂಥ ಕೂಸು,
ನನ್ನ ಏದುಸಿರು ಕೇಳಿ ಕೇಳಿ ಕೇಕೆ ಹಾಕುತ್ತ.
ಊರಿನ ಕಾರ್ಯಕರ್ತೆಯ ಫೋನು ಕೂಗಿದ್ದೇ ತಡ
ರಾತ್ರೋರಾತ್ರಿ ಇಳಿದು ಬಂದಿದ್ದಳಂತೆ.
ಆಲ್ಪಾಕಾ ಮರಿ ಹಾಕುವ ಕಾಲ; ಹಟ್ಟಿಯಲ್ಲಿ ಯಾರಿಲ್ಲ.
ನರಿ ಬಂತು. "ಎರಡು ಹೋದವು" ಎಂದಳು,
ಮೋಡ ಕವಿಯುತ್ತಿದೆ ಎನ್ನುವ ಹಾಗೆ.
ಆ ಮರಿಗಳಿಗೆ
ನನ್ನ ಕೋಷ್ಟಕದಲ್ಲಿ ಕಾಲಮ್ಮೇ ಇರಲಿಲ್ಲ.

ಹಿಂದಿರುಗಿದವನೇ ಲ್ಯಾಪ್‌ಟಾಪ್ ತೆರೆದೆ.
"ಗೆರೆ ಇಳಿಸುತ್ತೇನೆ. ಎಂಬತ್ತೈದಕ್ಕೆ. ಇಲ್ಲಿ ಅದೇ ಸಹಜ ತಾನೆ?"
ಸಬಿನಾ ಹೂಂ ಎನ್ನಲಿಲ್ಲ.
ನೋಟುಬುಕ್ಕನ್ನು ಹಿಂದಕ್ಕೆ ಮಗುಚುತ್ತ ಹೋದಳು,
ಖಾಲಿ ಪುಟ, ಮೇಲೊಂದು ಹೆಸರು ಮಾತ್ರ.
ಯೂಡಿತ್. ಎಂಬತ್ತಾರು.
"ನಿನ್ನ ಯಂತ್ರ ಬರುವ ಮುಂಚೆ.
ನಾನೇ ನೋಡಿದೆ. ಈ ಬೆಟ್ಟಕ್ಕೆ ಇದು ಮಾಮೂಲು,
ಕರಕೊಂಡು ಹೋಗಿ ಎಂದೆ."

ಒಲೆಯ ಮೇಲಿನ ನೀರು ಬೇಗ ಕುದಿಯುತ್ತದೆ ಇಲ್ಲಿ,
ಆದರೂ ಬೇಯುವುದಿಲ್ಲ ಏನೂ.
ಆ ಸದ್ದೊಂದೇ ಇತ್ತು ಸ್ವಲ್ಪ ಹೊತ್ತು.

"ಯಂತ್ರ ಇದ್ದಿದ್ದರೆ ಕೂಗುತ್ತಿತ್ತು" ಎಂದೆ, ಮೆಲ್ಲಗೆ.
"ಎಲ್ಲರನ್ನೂ ನೋಡಿ ಕೂಗುವುದು ಅದು.
ನಾನು ಕೇಳುತ್ತಿದ್ದೆನೇ?"

ಆಮೇಲೆ ಜೂನ್‌ವರೆಗೆ ಜಗಳ.
ಅವಳು ಪಕ್ಕೆಲುಬಿನ ಸಂದು ಒಳಸೆಳೆಯುವುದನ್ನು ಬೆರಳಿಟ್ಟು ತೋರಿದಳು,
ನಾನು ಅದಕ್ಕೊಂದು ಸಂಖ್ಯೆ ಕೇಳಿದೆ;
ಅವಳು ಸಂಖ್ಯೆಗೊಂದು ಕಾರಣ ಕೇಳಿದಳು.
ಫೋರ್ತುನಾತಾ ನಿಮಿಷ ಪೂರ್ತಿ ಎಣಿಸುವಳು ಉಸಿರು,
ಮಧ್ಯೆ ಮಾತಾಡಿಸಿದರೆ ಬೈದು ಮತ್ತೆ ಒಂದರಿಂದ.
ತಾಯಂದಿರನ್ನು ಕೆಚುವಾ ಮಾತಿನಲ್ಲಿ ಕೇಳಿದೆವು:
ಕೊಡುತ್ತೀರಾ ಲೆಕ್ಕವನ್ನು?
"ನನ್ನ ಕೂಸಿನ ಉಸಿರು ಯಾರ ಪೆಟ್ಟಿಗೆಯಲ್ಲಿರುತ್ತೆ?"
ಎಲೆವ್ತೆರಿಯಾ ಕೇಳಿದಳು.
ವಕೀಲರು ಬರೆದ ಹನ್ನೊಂದು ಪುಟದಲ್ಲಿ
ಉತ್ತರ ಹುಡುಕಿದೆ. ಸಿಗಲಿಲ್ಲ.
ಒಂದೇ ಪುಟ ಹೊಸದಾಗಿ ಬರೆಸಿದಳು ಸಬಿನಾ.
ಆದರೂ ಹದಿನೆಂಟು ಜನ ಒಲ್ಲೆ ಎಂದರು.
ಅವರ ಮಕ್ಕಳನ್ನೂ ಅಷ್ಟೇ ಹೊತ್ತು ನೋಡಿದಳು,
ಬರೆದುಕೊಳ್ಳದೆ.

ಈಗ ಎಂಬತ್ತಾರು ಬಂದರೆ ಕೂಗುವುದಿಲ್ಲ ಅದು.
ಅಂಗಿ ಎತ್ತಿ ಪಕ್ಕೆ ನೋಡಿ, ಎನ್ನುತ್ತದೆ;
ಇನ್ನೊಮ್ಮೆ ಎಣಿಸಿ;
ಕೊನೆಗೆ, ನಿರ್ಧರಿಸಿದವರ ಹೆಸರು ಬರೆಯಿರಿ.
ಆ ಜಾಗದಲ್ಲಿ ಯಂತ್ರದ ಹೆಸರು ಒತ್ತಿದರೆ
ತೆಗೆದುಕೊಳ್ಳುವುದಿಲ್ಲ. ಅದಷ್ಟನ್ನು
ನಾನೂ ಸಬಿನಾಳೂ ಜಗಳವಿಲ್ಲದೆ ಬರೆದೆವು.

ಹೊರಡುವ ದಿನ ಫೋರ್ತುನಾತಾ
ಮತ್ತೆ ಸಿಕ್ಕಿಸಿದಳು ಕ್ಲಿಪ್ಪು. ಎಂಬತ್ತಾರು.
ಉಗುರಿನಡಿ ಕೆಂಪು ದೀಪ, ಪರದೆಯ ಮೇಲೆ ಒಂದು ಪ್ರಶ್ನೆ:
ಬೆಟ್ಟಕ್ಕೆ ಬಂದು ಎಷ್ಟು ದಿನವಾಯಿತು?
ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು,
"ಇನ್ನೂ ಸಾಲದು."