ರಾಜನಿಲ್ಲದ ಆಟ

ಆ ಚಳಿಗಾಲ ಟಿಬಿಲಿಸಿಯಲ್ಲಿ
ಕರೆಂಟು ಬರುತ್ತಿದ್ದದ್ದು ನಡುರಾತ್ರಿ ಮೂರಕ್ಕೆ,
ಅದೂ ಬಂದರೆ.
ನಾಲ್ಕನೇ ಮಹಡಿಯ ಲಮಾರಾ ಆಗ ಧಡಕ್ಕನೆ ಎದ್ದು
ಕಾಳು ಬೇಯಲಿಟ್ಟು, ಬಟ್ಟೆ ಒಗೆದು, ನೀರು ಕಾಸಿ,
ಮಿಕ್ಕ ಹತ್ತು ನಿಮಿಷಕ್ಕೆ
ಹೊಲಿಗೆ ಯಂತ್ರದ ಮುಂದೆ ಕೂರುವಳು.
ಕೆಳಗೆ ನಾವು ಆ ಸದ್ದಿಗೆ ಮಗ್ಗುಲಾಗುತ್ತಿದ್ದೆವು.
ಅಪ್ಪ ಗೊಣಗುತ್ತಿದ್ದ: "ಹುಟ್ಟಿತು ಇನ್ನೊಂದು."

ಬೊಂಬೆಯಾಟದ ಮನೆಗೆ ಬೀಗ ಬಿದ್ದು ವರ್ಷವಾಗಿತ್ತು.
ಬಾಕಿ ಸಂಬಳಕ್ಕೆಂದು ಅವಳ ಕೈಗಿಟ್ಟದ್ದು
ಒಂದು ಡಬ್ಬ ಗುಂಡಿ, ಎರಡು ಮೊಳ ಪರದೆಯ ಮಖಮಲ್ಲು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಲಮಾರಾ ಹಾಸಿಗೆಯನ್ನೇ ಕತ್ತರಿಸಿ
ಕಾಲು ಮಾಡಿದಳು, ಹನ್ನೊಂದು ಜೊತೆ.

ಅತ್ತೆ ಬಬುತ್ಸಾಳದು ಎರಡೇ ಕಟ್ಟಳೆ:
ತಿನ್ನುವುದನ್ನು ಮುಟ್ಟಬೇಡ.
ಉರಿಯುವುದನ್ನು ಮುಟ್ಟಬೇಡ.
ಹಿಟ್ಟಿನ ಅಂಟು ಹೋಯಿತು. ಮರ ಹೋಯಿತು. ಕಾಗದವೂ.
ಉಳಿದದ್ದು ಸುಟ್ಟುಹೋದ ಬಲ್ಬು;
ಹಳೇ ಕಾಲುಚೀಲ ಎಳೆದರೆ ಮಂತ್ರಿಯ ಬೋಳುತಲೆ.
ಕ್ಯಾಸೆಟ್ಟಿನ ನಾಡಿ ಬಿಚ್ಚಿದರೆ ರಾಣಿಯ ಜಡೆ,
ಒಳಗಿನ ಹಾಡು ಹಾಗೇ ಹೆಣೆದುಕೊಂಡು.
ಒಂಟಿ ಓತಾರನ ಒಂಟಿ ಕೈಗವಸು ತೋಳವಾಯಿತು,
ಒಂದು ಬೆರಳು ಮೊದಲೇ ಒಲೆಗೆ ತಗುಲಿ ಹೋದದ್ದು.

ರಾಜ ಮಾತ್ರ ಮರದವನು.
ಕುರ್ಚಿಯ ಕಾಲೊಂದನ್ನು ಸೌದೆರಾಶಿಯಿಂದ ಕದ್ದು,
ಅತ್ತೆ ಮಲಗಿದ ಮೇಲೆ, ಅಡುಗೆ ಚಾಕುವಿನಲ್ಲಿ
ಮೂಗು ತೆಗೆದಳು, ಗಲ್ಲ ತೆಗೆದಳು.
ನಾವು ಮಕ್ಕಳು ಕಂಡು ಬಾಯಿ ಬಿಡಲಿಲ್ಲ.

ಫೆಬ್ರವರಿಯಲ್ಲಿ ನನ್ನ ತಮ್ಮನಿಗೆ ಎದೆ ಕಟ್ಟಿತು.
ಸೌದೆ ಮುಗಿದಿತ್ತು, ಪುಸ್ತಕದ ಕಪಾಟೂ ಮುಗಿದಿತ್ತು.
ಲಮಾರಾ ಕೋಟಿನೊಳಗೆ ಏನೋ ಮುಚ್ಚಿಕೊಂಡು ಇಳಿದು ಬಂದು
ಮಖಮಲ್ಲು ಬಿಚ್ಚಿದಳು, ತಗಡಿನ ಕಿರೀಟ ಬಿಚ್ಚಿದಳು,
ಬತ್ತಲೆ ರಾಜನನ್ನು ಒಲೆಗಿಟ್ಟಳು.
ಚಹಾ ಕುದಿಯಿತು. ಯಾರೂ ಮಾತಾಡಲಿಲ್ಲ.

ಭಾನುವಾರ ಮೆಟ್ಟಿಲ ಮೇಲೆ ಆಟ, ಸೀಮೆಎಣ್ಣೆ ದೀಪ.
ತೋಳ ಅರಮನೆಗೆ ಬಂದು ಕೇಳಿತು:
"ದೂರು ಹೇಳಬೇಕಿತ್ತು, ರಾಜನೆಲ್ಲಿ?"
ಮಂತ್ರಿ ತಡವರಿಸಿದ. ಕತ್ತಲಿಂದ ನನ್ನ ತಮ್ಮ ಕೂಗಿದ:
"ಒಲೆಯಲ್ಲಿ!"
ನಕ್ಕೆವು, ಕೆಮ್ಮಿದೆವು.
"ಹಾಗಾದರೆ ಸಿಂಹಾಸನ?"
"ಅದು ನವೆಂಬರಿನಲ್ಲೇ!" ಅಂದ ಓತಾರ್.
ಯಾರೂ ಬರೆಯದ ಆಟ ಹೀಗೆ ಮುಂದೆ ಸಾಗಿತು.
ತೋಳ ಕಿರೀಟವನ್ನೆತ್ತಿ
ನಾಲ್ಕೂ ಬೆರಳಿಗೆ ಒಂದೊಂದಾಗಿ ತೊಡಿಸಿ ನೋಡುತ್ತಿತ್ತು,

ಆಗ ಬಂತು ಕರೆಂಟು, ಹೊತ್ತಲ್ಲದ ಹೊತ್ತಲ್ಲಿ.
ಹಂಡೆ! ಇಸ್ತ್ರಿ! ಒಲೆ! ಎಂದು ನೋಟಕರೆಲ್ಲ
ಎರಡೆರಡು ಮೆಟ್ಟಿಲು ಹಾರಿ ಓಡಿದರು.
ಲಮಾರಾಳೂ ಗವಸು ಕಳಚುತ್ತಿದ್ದಳು.

ಕೆಳಗಿನ ಮೆಟ್ಟಿಲಲ್ಲಿ ಬಬುತ್ಸಾ ಕೂತೇ ಇದ್ದಳು,
ಮೊಣಕೈಯ ತೇಪೆಯಲ್ಲಿ ರಾಜನ ಮಖಮಲ್ಲು.
"ಕಾಳು ನಾಳೆ ಬೆಂದೀತು," ಅಂದಳು.
"ತೋಳ ಏನು ಮಾಡಿತು, ಹೇಳು."