ಹಿಡಿಯಕ್ಕಿ

ಚಂಫಾಯಿಯ ಈ ಇಳಿಜಾರಿನ ಮನೆಗೆ ಸೊಸೆಯಾಗಿ ಬಂದ ವರ್ಷ
ಅತ್ತೆ ರೋಚಿಂಗಿ ತೋರಿಸಿಕೊಟ್ಟಳು:
ಎಸರಿಗೆ ಸುರಿಯುವ ಮುನ್ನ ಒಂದು ಹಿಡಿ
ಚರ್ಚಿನ ಡಬ್ಬಿಗೆ. ದಿನಕ್ಕೆರಡು ಸಲ.
"ಅಕ್ಕಿ ಸಾಲದ ದಿನವೂ?"
"ಸಾಲದ ದಿನ ಮೊದಲು."

ನಾನು ಬೆರಳ ಸಂದಿ ಸಡಿಲಿಸುತ್ತಿದ್ದೆ,
ಒಂದಿಷ್ಟು ಮೊರಕ್ಕೇ ಸೋರಲೆಂದು.
ಡಬ್ಬಿಗೆ ಬಿದ್ದ ಕಾಳಿಗೆಲ್ಲ
ಬೇಡಿಕೆ ಕಟ್ಟಿ ಕಳಿಸುತ್ತಿದ್ದೆ:
ಖುಮನ ಕೆಮ್ಮು ನಿಲ್ಲಲಿ, ನಲ್ಲಿಯಲ್ಲಿ ನೀರು ಬರಲಿ,
ಅತ್ತೆಯ ಬಾಯಿ ಒಂದು ದಿನವಾದರೂ ಮುಚ್ಚಲಿ.

ಕರ್ತನು ಅಂಗಡಿಯವನಲ್ಲ.
ಕೆಮ್ಮು ಚಳಿಗಾಲಕ್ಕೊಮ್ಮೆ ಬಂದು ತಂಗುವ ನೆಂಟನಾಯಿತು.
ನೀರು ಬಂದಾಗ ಬಂತು; ಬಾರದಾಗ
ಬಿಂದಿಗೆಗಳ ಸಾಲಿನಲ್ಲಿ ನಾನೂ ಒಂದು ಬಿಂದಿಗೆಯಾಗಿ ಕೂತೆ.
ಬಾಯಿ ಮಾತ್ರ ಮುಚ್ಚಿತು, ಕಳೆದ ಫೆಬ್ರವರಿಯಲ್ಲಿ.
ಆಮೇಲೆ ಮನೆ ಎಷ್ಟು ದೊಡ್ಡದಾಯಿತೆಂದರೆ
ಸೌಟು ಬಿದ್ದರೂ ಬೆಚ್ಚುತ್ತೇನೆ.

ಈ ಶನಿವಾರ ಅಕ್ಕಿ ಕೂಡಿಸಲು ಬಂದ ಹೆಂಗಸರು
ಡಬ್ಬಿ ಎತ್ತಿ, "ಭಾರವಾಗಿದೆಯಲ್ಲ, ಜೋಪಾರಿ" ಎಂದರು.
ಬಗ್ಗಿ ನೋಡಿದೆ. ಇಷ್ಟನ್ನು ಯಾವಾಗ ಹಾಕಿದೆ?
ಹಾಕುವಾಗ ಏನು ಕೇಳಿದ್ದೆ?
ನೆನಪಾಗಲಿಲ್ಲ.
ಕೈ ತಾನಾಗಿ ಹೋಗಿ ಬರುತ್ತಿತ್ತು,
ಕತ್ತಲಲ್ಲಿ ಮಗು, ಅಮ್ಮ ಇದ್ದಾಳೆಯೇ ಎಂದು
ತಡವಿ ನೋಡಿ ಮತ್ತೆ ಮಲಗುವಂತೆ.

ಬೆಳೆದೆನೆಂದು ಹೇಳಲಾರೆ.
ರಾತ್ರಿ ಅವನು ಕೆಮ್ಮಿದರೆ ಇಂದಿಗೂ ಎಣಿಸುತ್ತೇನೆ,
ಎಣಿಸುತ್ತಲೇ ನಿದ್ದೆಹೋಗುತ್ತೇನೆ.
ಮುಂಚೆ ಹಾಗಾಗುತ್ತಿರಲಿಲ್ಲ.