ಒಳಗೋ, ಹೊರಗೋ

ಪೆಡ್ಣೇಕರ್ ಮಾಸ್ತರರ ಕಥೆ ಬರುವುದು
ಕರೆಂಟ್ ಬಿಲ್ಲಿನ ಬೆನ್ನ ಮೇಲೆ, ಪೆನ್ಸಿಲಿನಲ್ಲಿ,
ಒಮ್ಮೊಮ್ಮೆ ಫರಸಾಣದ ಎಣ್ಣೆಕಲೆ ಸಮೇತ.
ಅದನ್ನು ಸಾಫ್ಟ್‌ವೇರಿಗೆ ಏರಿಸುವುದು ನನ್ನ ಕೆಲಸ.
ಪುಟಕ್ಕೆ ಹದಿನೆಂಟು ರೂಪಾಯಿ,
ಕೊನೆಗೆ ಉಳಿದ ಪುಟಕ್ಕೆ ಮಾತ್ರ.
ಗೋರೆಗಾಂವ್ ಪಶ್ಚಿಮ, ಝೆರಾಕ್ಸ್ ಅಂಗಡಿಯ ಅಟ್ಟ;
ಎದ್ದು ನಿಂತರೆ ತಲೆಗೆ ಫ್ಯಾನು, ಹಾಗಾಗಿ ಏಳುವುದಿಲ್ಲ.
ಬಿಲ್ಲಿನ ಮೇಲೆ ಮರಾಠಿ, ಪರದೆಯ ಮೇಲೆ ಇಂಗ್ಲಿಷ್ ಲಿಪಿಯ ಹಿಂದಿ,
ನಡುವೆ ಗೊಣಗುವುದೆಲ್ಲ ಕನ್ನಡ.

ಪ್ರತಿ ದೃಶ್ಯದ ಹೊಸ್ತಿಲಲ್ಲೂ ಅದು ಕೇಳುತ್ತದೆ
ರೇಷನ್ ಕಚೇರಿಯ ಗುಮಾಸ್ತನ ಹಾಗೆ, ಮುಖ ನೋಡದೆ:
ಒಳಗೋ, ಹೊರಗೋ?
ಹಗಲೋ, ರಾತ್ರಿಯೋ?
ಹೇಳದೆ ಮುಂದಕ್ಕೆ ಬಿಡುವುದಿಲ್ಲ.

ಮಾಸ್ತರರು ಬರೆದದ್ದು ಇಷ್ಟು:
ಚಾಳಿನ ಗ್ಯಾಲರಿ. ಶೆವಂತಾ ಅಕ್ಕಿ ಆರಿಸುತ್ತಿದ್ದಾಳೆ.
ದೀಪ ಹಚ್ಚಿಲ್ಲ, ಆದರೆ ತಾಯಂದಿರು
ಮಕ್ಕಳನ್ನು ಕೂಗಲು ಶುರುಮಾಡಿದ್ದಾರೆ.

ಗ್ಯಾಲರಿ ಒಳಗೋ, ಹೊರಗೋ?
ಚಿಂಚ್‌ಪೋಕ್ಳಿಯಲ್ಲಿ ನಮ್ಮದೂ ಒಂದಿತ್ತು,
ಹದಿನಾಲ್ಕು ಬಾಗಿಲಿಗೆ ಒಂದೇ ಕಟಕಟೆ.
ಮಿಲ್ಲಿನ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ
ಹಗಲಿಡೀ ಮಲಗುತ್ತಿದ್ದದ್ದು ಅಲ್ಲೇ,
ಮುಖಕ್ಕೆ ಪಂಚೆ ಎಳೆದುಕೊಂಡು.
ನೀರಿನ ಕೊಡ ಹೊತ್ತವರು ಅವನನ್ನು ದಾಟಿಯೇ ಹೋಗಬೇಕು.
ಯಾರೋ ಒಮ್ಮೆ, ಪಾಪ ಹೊರಗೇ ಮಲಗಿದಾರೆ, ಅಂದಿದ್ದಕ್ಕೆ
ಪಂಚೆಯೊಳಗಿಂದಲೇ ಗದರಿದ:
ಹೊರಗ ಅನಬ್ಯಾಡ್ರಿ, ಇದು ನಮ್ಮ ಪಡಸಾಲಿ.
ಅವನಿಗೆ ಹಗಲೇ ರಾತ್ರಿ. ಅದನ್ನು ಯಾವ ಖಾನೆಗೆ ತುಂಬುವುದು?
ಅಕ್ಕನನ್ನು ನೋಡಲು ಬಂದವರು ಕೂತದ್ದು ಅಲ್ಲಿ,
ಅವರು ಒಲ್ಲೆ ಅಂದ ಸುದ್ದಿಗೆ ಅವ್ವ ನಿಂತದ್ದು ಅಲ್ಲಿ,
ಪಕ್ಕದ ಕದಂ ಕಾಕುಗೆ ತಿಳಿದದ್ದು ನಮಗಿಂತ ಮೊದಲು.

ಅಡ್ಡಗೀಟು ಹಾಕಿದರೆ ಎರಡನ್ನೂ ಒಪ್ಪುತ್ತದೆ ಸಾಫ್ಟ್‌ವೇರ್,
ಕಾರಿನ ಕಿಟಕಿಗೆಂದು ಇಟ್ಟ ಸೌಲಭ್ಯ ಅದು.
ಹಾಕಿದೆ. ಶೆವಂತಾ ಕಾರಿನಲ್ಲಿ ಕೂತು ಅಕ್ಕಿ ಆರಿಸಿದಳು.
ಹೊತ್ತಿನ ಜಾಗದಲ್ಲಿ, ಯಾರನ್ನೂ ಕೇಳದೆ,
ಮುಸ್ಸಂಜೆ ಎಂದು ಕನ್ನಡದಲ್ಲೇ ಹೊಡೆದೆ.
ಸಕಾರವನ್ನು ಒಂದು ಕಡೆ, ಒತ್ತನ್ನು ಇನ್ನೊಂದು ಕಡೆ ಕೂರಿಸಿತು,
ಮುನಿಸಿಕೊಂಡ ಗಂಡಹೆಂಡಿರನ್ನು ಪಂಚರು ಕೂರಿಸಿದ ಹಾಗೆ.
ಅಳಿಸಿದೆ.

ಪುಟವೆಂದರೆ ನಿಮಿಷ, ಅದರ ಲೆಕ್ಕದಲ್ಲಿ.
ಶೆವಂತಾಳದ್ದು ಹನ್ನೊಂದು ಪುಟ.
ಹನ್ನೊಂದು ನಿಮಿಷ ಯಾರು ನೋಡುತ್ತಾರ್ರೀ ಅಕ್ಕಿಯನ್ನು,
ಅಂದರು ನಿರ್ಮಾಪಕರು.
ಮೂರನೇ ಕರಡು, ಗುಲಾಬಿ ಬಣ್ಣದ್ದು. ಅದರಲ್ಲಿ ಅವಳಿಲ್ಲ.

ಆದರೆ ಅವಳ ದೃಶ್ಯಗಳ ನಂಬರನ್ನು
ಅದು ಬೇರೆ ಯಾರಿಗೂ ಕೊಡುವುದಿಲ್ಲ.
ನಲವತ್ತೆರಡು: ಕೈಬಿಡಲಾಗಿದೆ.
ಅಷ್ಟು ಬರೆದು ಸುಮ್ಮನಾಗುತ್ತದೆ,
ನಲವತ್ತಮೂರು ಕೂರುವುದು ಅದರ ಕೆಳಗೆ, ಜಾಗ ಬಿಟ್ಟು.
ಅಪ್ಪನ ಹಿತ್ತಾಳೆ ಬಿಲ್ಲೆಗೆ ಆ ಮರ್ಯಾದೆ ಇರಲಿಲ್ಲ;
ಕೆಮ್ಮಿ ಮಲಗಿದ ವಾರದಲ್ಲೇ
ಬದ್ಲಿಯವನ ಜೇಬು ಸೇರಿತ್ತು.

ಹೊಸಬಳ ಹೆಸರು ಶೆಫಾಲಿ.
ಶೆ ಒತ್ತಿದರೆ ಸಾಕು, ಶೆವಂತಾ ಮೊದಲು ಬರುತ್ತಾಳೆ
ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಕರೆದಿರಾ ಎಂಬಂತೆ.
ಬಾಣದ ಕೀಲಿ ಒತ್ತಿ ಅವಳನ್ನು ದಾಟಬೇಕು.
ಪಟ್ಟಿಯಿಂದಲೇ ತೆಗೆಯುವ ದಾರಿ ನನಗೆ ಗೊತ್ತು.
ದಾಟುತ್ತೇನೆ.

ಸಂಜೆ ಮಾಸ್ತರರು ಬಂದರು, ಕಟಿಂಗ್ ಚಹಾ ಹೇಳಿದರು.
ಓದಲಿಲ್ಲ, ಪುಟ ಎಣಿಸಿದರು.
ನಿನಗೆ ಹನ್ನೊಂದು ಪುಟ ಲುಕ್ಸಾನು, ಎಂದು
ಇನ್ನೂರರ ನೋಟು ಮೌಸಿನ ಕೆಳಗೆ ತೂರಿಸಿದರು.
ಅವರದೂ ಇಳಿದಿತ್ತು; ಎಷ್ಟೆಂದು ನಾನು ಕೇಳಲಿಲ್ಲ.
ಲೆಕ್ಕಕ್ಕೆ ನೂರ ತೊಂಬತ್ತೆಂಟು.
ಚಿಲ್ಲರೆ ಇರಲಿಲ್ಲ ನನ್ನಲ್ಲಿ.
ಇರಲಿ, ಎಂದರು,
ಅಕ್ಕಿಯಲ್ಲಿ ಎರಡು ಕಲ್ಲು ಸಿಕ್ಕವು ಅಂತ ಬರೆದುಕೋ.